ಮರದ ನೆಲ ತೊಳೆದವರು

ಕೊಳ್ಳೇಗಾಲದ ಒಳಾಂಗಣ ಕ್ರೀಡಾಂಗಣದ ಮಾತು ಬಂದರೆ ಈಗಲೂ ನನ್ನ ದನಿ ಏರುತ್ತದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರುವುದರಿಂದ ಊಟಕ್ಕೆ ಕೂತಾಗ ಯಾರೂ ಆ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಅನ್ನ ಆರುತ್ತದೆ, ನಾನು ಆರುವುದಿಲ್ಲ.

ನಾನು ಹೈಸ್ಕೂಲಿನ ಪಿ.ಟಿ. ಮಿಸ್ಸು. ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. ತಂಡದವರೆಲ್ಲ ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು. ಹೂಗ್ಯಂ, ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಯವರು. ರಾಗಿ ಹೊಲಕ್ಕೆ ನುಗ್ಗಿದ ಹಂದಿ ಅಟ್ಟಿ, ಹಗ್ಗ ಕಿತ್ತುಕೊಂಡು ಓಡುವ ದನ ಹಿಡಿದು ಬೆಳೆದವರು. ಒಮ್ಮೆ ಕಾಲು ಹಿಡಿದರೆ ಬಿಡುವ ಪೈಕಿಯಲ್ಲ. ಅವರಿಗೆ ಆಟದ ಕಷ್ಟ ಇರಲಿಲ್ಲ, ಬಯಲಿನ ಕಷ್ಟ ಇತ್ತು. ಕಬಡ್ಡಿಗೆ ಚಡ್ಡಿ ಹಾಕಬೇಕು. ನಮ್ಮ ಮೈದಾನದ ಗೋಡೆ ಮೊಣಕಾಲೆತ್ತರ. ಸಂಜೆಯಾದರೆ ಪಡ್ಡೆ ಹೈಕಳೆಲ್ಲ ಬೈಕ್ ನಿಲ್ಲಿಸಿ ಅದರ ಮೇಲೆ ಸಾಲಾಗಿ ಕೂತು ಮೊಬೈಲ್ ಎತ್ತಿ ಹಿಡಿಯುತ್ತಿದ್ದರು. ಉಗಿದು ಅಟ್ಟಿದರೆ ಮರುದಿನ ಮತ್ತೆ ಹಾಜರು. ಆ ಸುದ್ದಿ ಹನೂರಿನ ಬಸ್ಸು ಹತ್ತಿ ಊರು ಮುಟ್ಟುತ್ತಿತ್ತು. ಅಪ್ಪಂದಿರು ಬಂದು ಆಟ ಬಿಡಿಸುತ್ತಿದ್ದರು. ಯಳಂದೂರಿನಲ್ಲಿ ಓದುವಾಗ ನನ್ನ ಖೊಖೊ ನಿಂತದ್ದೂ ಹೀಗೆಯೇ. ಆ ಸಿಟ್ಟು ಎಲ್ಲಿಗೆ ಹೋಗುತ್ತದೆ, ಹೇಳಿ?

ಅದಕ್ಕೇ ಹೊಸ ಕ್ರೀಡಾಂಗಣ ಎದ್ದಾಗ ನಾನು ಮೊದಲು ನೋಡಿದ್ದು ಅದರ ಬಾಗಿಲನ್ನು. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಬಾಗಿಲು. ಒಳಗೆ ನುಣ್ಣನೆಯ ಮರದ ನೆಲ, ಅದರ ಮೇಲೆ ಕಬಡ್ಡಿ ಮ್ಯಾಟ್ ಹಾಸಿದರೆ ಬಿದ್ದರೂ ಚರ್ಮ ಸುಲಿಯದು. ಅದನ್ನು ನೋಡಿಕೊಳ್ಳುವ ಊರ ಸಮಿತಿಯವರ ಹಿಂದೆ ಅಲೆದು ಅಲೆದು ಸಂಜೆಯ ಹೊತ್ತು ಹುಡುಗಿಯರಿಗೆ ಎಂದು ಬಿಡಿಸಿಕೊಂಡೆ. ಲೊಕ್ಕನಹಳ್ಳಿಯ ಹುಡುಗಿಯೊಬ್ಬಳಿದ್ದಳು, ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳಿಗೆ ಸಾಟಿಯಿಲ್ಲ. ಅವಳ ಅಪ್ಪ ಒಂದು ದಿನ ಬಂದು, ಆ ಚಿಲಕವನ್ನು ತಾನೇ ಹಾಕಿ, ತೆಗೆದು, ಅಲ್ಲಾಡಿಸಿ ನೋಡಿದ.

"ಒಳ್ಗಡೀಕೆ ಆಡಾದಾದ್ರೆ ಆಡ್ಲಿ ಮಿಸ್ಸು. ಈಚ್ಗೆ ಬಯಲಲ್ಲಿ ಮಾತ್ರ ಬ್ಯಾಡ" ಎಂದ.

ಅಷ್ಟು ಸಾಕಾಗಿತ್ತು ನನಗೆ. ಬಾಗಿಲು ಮುಚ್ಚಿದ ಮೇಲೆ ಆ ಮಕ್ಕಳು ನಗುತ್ತಿದ್ದ ನಗೆಯನ್ನು ಕೇಳಬೇಕಿತ್ತು. ಬಯಲಿನಲ್ಲಿ ಯಾವತ್ತೂ ಹಾಗೆ ನಕ್ಕಿರಲಿಲ್ಲ.

ಆದರೆ ಅದು ವಿವಿಧೋದ್ದೇಶ ಕ್ರೀಡಾಂಗಣವಲ್ಲವೇ! ಉದ್ದೇಶಗಳೆಲ್ಲ ಒಂದೊಂದಾಗಿ ಬಂದವು. ಆರ್ಕೆಸ್ಟ್ರಾ ಬಂತು, ಆರತಕ್ಷತೆ ಬಂತು, ಸನ್ಮಾನ ಬಂತು. ಬಂದಾಗಲೆಲ್ಲ ನಾವು ಮ್ಯಾಟ್ ಸುತ್ತಿಕೊಂಡು ಹೊರಗೆ. ಅದನ್ನೂ ಸಹಿಸಿಕೊಂಡೆ. ಬಡವನ ಕೋಪ ದವಡೆಗೆ ಮೂಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಸಲ ಭಾರಿ ಅತಿಥಿಯೊಬ್ಬರು ಬರುವುದೆಂದಾಯಿತು. ಹಿಂದಿನ ದಿನ ಅಭ್ಯಾಸಕ್ಕೆ ಹೋದರೆ ಬಾಗಿಲಲ್ಲಿ ನೀರಿನ ಟ್ಯಾಂಕರ್ ನಿಂತಿದೆ. ಪೈಪು ಒಳಗೆ ಹೋಗಿದೆ. ಸಮಿತಿಯ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ, ಹೆಂಗಸರು ತೆಂಗಿನ ಕಡ್ಡಿ ಪೊರಕೆಯಲ್ಲಿ ಮರದ ನೆಲವನ್ನು ಗಸಗಸ ಉಜ್ಜುತ್ತಿದ್ದಾರೆ. ನೀರು ಹಲಗೆಯ ಸಂದಿಗಳಲ್ಲಿ ಗುಳುಗುಳು ಇಳಿಯುತ್ತಿದೆ. ಅಧ್ಯಕ್ಷರ ಬಳಿಗೆ ಓಡಿದೆ.

"ಸಾ, ಒಣಬಟ್ಟೇಲಿ ಒರಿಸ್ಬೇಕು ಅಂತ ನೆಲ ಹಾಕ್ದೋರೇ ಹೇಳಿದ್ರಲ್ಲ ಸಾ! ನೀರು ಕುಡುದ್ರೆ ಹಲ್ಗೆ ಉಬ್ಬೋಯ್ತದೆ!"

ಅಧ್ಯಕ್ಷರಿಗೆ ನನ್ನನ್ನು ನೋಡಿ ಪಾಪ ಎನ್ನಿಸಿರಬೇಕು. "ಏನ್ ಮೇಡಮ್ಮು ನೀವು? ಅಷ್ಟು ದೊಡ್ಡೋರು ಕಾಲಿಡೋ ಜಾಗವ ತೊಳೀದೆ ಬುಡಾಕಾದದಾ? ತೊಳೀದೆ ಇರೋ ನೆಲದ್ಮ್ಯಾಲೆ ರಂಗೋಲಿ ಬುಟ್ರೆ ಏನಂದಾರು? ನಿಮ್ಮನೇಲಿ ಅಂಗೇ ಮಾಡೀರಾ?"

ಅವರು ಕೆಟ್ಟವರಲ್ಲ, ಅದೇ ನನ್ನ ಹೊಟ್ಟೆಯುರಿ. ನಮ್ಮ ಕಡೆ ನೆಂಟರು ಬರುತ್ತಾರೆಂದರೆ ಅಂಗಳಕ್ಕೆ ನೀರು ಬಿದ್ದಿರಬೇಕು, ಹೊಸ್ತಿಲು ತೊಳೆದಿರಬೇಕು. ಒಣನೆಲಕ್ಕೆ ಅತಿಥಿಯನ್ನು ಕರೆದರೆ ಅವಮಾನ. ನನ್ನ ತಾಯಿಯೂ ಬಿಂದಿಗೆ ಎತ್ತಿಕೊಳ್ಳುತ್ತಿದ್ದಳು, ಒಪ್ಪಿದೆ. ಆದರೆ ಯಾವ ತಾಯಿ ಮರದ ಮಂಚಕ್ಕೆ ಕೊಡ ಸುರಿಯುತ್ತಾಳೆ? ಅರಿಶಿನದ ನೀರನ್ನೂ ಚಿಮುಕಿಸಿದರು. ಬಣ್ಣದ ರಂಗೋಲಿ ಬಿಟ್ಟರು. ಆ ದೊಡ್ಡ ಅತಿಥಿ ನೇರ ವೇದಿಕೆ ಹತ್ತಿ, ನಾಲ್ಕು ಮಾತಾಡಿ, ಕಾರು ಹತ್ತಿದರು. ನೆಲದ ಕಡೆ ತಿರುಗಿಯೂ ನೋಡಲಿಲ್ಲ.

ವಾರ ಕಳೆಯುವುದರೊಳಗೆ ಹಲಗೆಗಳು ಅಂಚು ಎತ್ತಿಕೊಂಡು ಎದ್ದವು. ಮ್ಯಾಟ್ ಹಾಸಿದರೆ ಕೂರದು. ಕಾಲಿಟ್ಟರೆ ಬೆರಳು ಎಡವುತ್ತದೆ. ಸಮಿತಿ ಸಭೆ ಸೇರಿತು. ರಿಪೇರಿ ಯಾವಾಗ ಎಂದು ಕೇಳಿದೆ. "ಮಾಡ್ಸಾನ, ಮಾಡ್ಸಾನ" ಎಂದರು ಅಧ್ಯಕ್ಷರು. "ಅಲ್ಲೀಗಂಟ ಆಟ ಬ್ಯಾಡ. ಹೆಣ್ಮಕ್ಳು ಬಿದ್ದು ಕಾಲ್ಗೀಲು ಮುರ್ಕಂಡ್ರೆ ಯಾರು ಜವಾಬ್ದಾರಿ?"

"ಮತ್ತೆ ಮುಂದಿನ ವಾರದ ಆರ್ಕೆಸ್ಟ್ರಾ?"

"ಅದ್ಕೇನು, ಕಾರ್ಪೆಟ್ ಹಾಸ್ತೀವಿ. ಕಾಣಲ್ಲ ಬುಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನೀರು ಸುರಿದವರು ಕಾರ್ಪೆಟ್ ಮೇಲೆ, ನನ್ನ ಮಕ್ಕಳು ಬೀದಿಯಲ್ಲಿ. ಆ ಸಭೆಯಲ್ಲಿ ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಗಂಡಸರು ಇಷ್ಟು ಜೋರಾಗಿ ಮಾತಾಡಿದ್ದರೆ ಖಡಕ್ ಮನುಷ್ಯ ಎನ್ನುತ್ತಿದ್ದರು. ನನಗೆ ಒಂದು ಲೋಟ ನೀರು ತರಿಸಿಕೊಟ್ಟರು.

ಮತ್ತೆ ಅದೇ ಮೈದಾನ, ಅದೇ ಮೋಟುಗೋಡೆ. ಒಬ್ಬೊಬ್ಬರಾಗಿ ಮಕ್ಕಳು ಕಳಚಿಕೊಂಡರು. ಲೊಕ್ಕನಹಳ್ಳಿಯ ಅಪ್ಪ ಬಂದು, "ನಾನು ಅವತ್ತೇ ಏಳಿದ್ನಲ್ಲ ಮಿಸ್ಸು" ಎಂದಷ್ಟೇ ಹೇಳಿದ. ಅವನಿಗೆ ತೋರಿಸಲು ಚಿಲಕವಿರುವ ಬಾಗಿಲು ಈಗ ನನ್ನಲ್ಲಿರಲಿಲ್ಲ. ಆ ವರ್ಷ ತಾಲ್ಲೂಕು ಪಂದ್ಯಕ್ಕೆ ಇಳಿಸಲು ನನಗೆ ಏಳು ಹುಡುಗಿಯರು ಸಿಗಲಿಲ್ಲ.

ಹೀಗಿರುವಾಗ ಅಧ್ಯಕ್ಷರ ಫೋನು ಬಂತು. ಇನ್ನೊಬ್ಬ ದೊಡ್ಡವರು ಬರುತ್ತಿದ್ದಾರಂತೆ, ಪೂರ್ಣಕುಂಭ ಹಿಡಿದು ಒಳಗೆ ವೇದಿಕೆಯವರೆಗೆ ಕರೆತರಲು ಹುಡುಗಿಯರು ಬೇಕಂತೆ. "ನಿಮ್ ಕಬಡ್ಡಿ ಹೈಕ್ಳು ಎತ್ತರಕ್ಕೆ ಲಕ್ಷಣವಾಗವೆ, ಕಳ್ಸಿ. ಸೀರೆ ನಾವೇ ಕೊಡ್ತೀವಿ." ಆಗಲ್ಲ ಎಂದು ಫೋನು ಇಟ್ಟೆ. ಅವರು ಹೆಡ್ಮಾಸ್ಟರಿಗೆ ಮಾಡಿದರು. ಹೆಡ್ಮಾಸ್ಟರು ಹಾಸ್ಟೆಲಿಗೆ ಹೇಳಿ ಕಳಿಸಿದರು. ಸಮಾರಂಭದ ಹೊತ್ತಿಗೆ ನನಗೆ ತಿಳಿಯಿತು. ಪಿತ್ತ ನೆತ್ತಿಗೇರಿ, ಸ್ಕೂಟರ್ ತೆಗೆದುಕೊಂಡು ಹೊರಟೆ.

ಅದೇ ಬಾಗಿಲಿನ ಎರಡೂ ಬದಿಗೆ ನನ್ನ ತಂಡ ಸಾಲಾಗಿ ನಿಂತಿತ್ತು. ಒಂದೇ ಬಣ್ಣದ ಸೀರೆ, ಜಡೆಗೆ ಹೂವು, ಕೈಯಲ್ಲಿ ಮಾವಿನ ಸೊಪ್ಪು, ತೆಂಗಿನಕಾಯಿ ಇಟ್ಟ ಕಳಸ. ಬಯಲಿಗೆ ಬರಬೇಡ ಎಂದಿದ್ದ ಅಪ್ಪಂದಿರು ಬಯಲಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಿದ್ದರು. ಲೊಕ್ಕನಹಳ್ಳಿಯವನೂ ಇದ್ದ. ಅವನ ಮಗಳು ಸಾಲಿನಲ್ಲಿ ಮೊದಲನೆಯವಳು. ಇಡೀ ಊರು ನೋಡುತ್ತಿತ್ತು, ಯಾರಿಗೂ ಮರ್ಯಾದೆಯ ಯೋಚನೆ ಬರಲಿಲ್ಲ.

ನಾನು ನೆಟ್ಟಗೆ ಅವಳ ಹತ್ತಿರ ಹೋದೆ. "ಇಳ್ಸೇ ಆ ಕಳಸವ. ಎಲ್ಲಾರೂ ಇಳ್ಸಿ. ನಡೀರಿ ಹಾಸ್ಟೆಲಿಗೆ. ಆಡಾಕೆ ಬುಡದೇ ಇರೋರ್ಗೆ ನೀವ್ಯಾಕೆ ಆರತಿ ಎತ್ತೀರಿ?"

ಅವಳು ಇಳಿಸಲಿಲ್ಲ. ನನ್ನ ಭುಜದ ಮೇಲಿಂದ ತೆರೆದ ಬಾಗಿಲೊಳಗೆ ಇಣುಕಿ ನೋಡಿದಳು. ಅಲ್ಲಿ ಕೆಂಪು ಕಾರ್ಪೆಟ್ ಮೇಲೆ ಕುರ್ಚಿಗಳ ಸಾಲಿತ್ತು.

"ಬುಡಿ ಮಿಸ್ಸು, ಬೈಬ್ಯಾಡಿ" ಎಂದಳು ಮೆಲ್ಲಗೆ. "ಇಂಗಾದ್ರೂ ಒಳ್ಗಡೀಕೆ ಬುಡ್ತಾರಲ್ಲ."