ತುಪ್ಪದ ಕಲೆಯ ಕಾರ್ಡುಗಳು

ಮೈಸೂರುಪಾಕಿನ ಖಾಲಿ ಡಬ್ಬಿ ತೆರೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ತುಪ್ಪ ಕುಡಿದ ರಟ್ಟಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮದ್ರಾಸಿನ ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಗಲ್ಲಿ, ಕೆಳಗೆ ಅಪ್ಪಯ್ಯನ ಹೋಟೆಲು, ಮೇಲೆ ನಮ್ಮ ಮನೆ, ಅದರ ಕೆಂಪು ನೆಲದ ಮೇಲೆ ಕಾಲು ಚಾಚಿ ಕೂತ ದೊಡ್ಡಮ್ಮ, ಎಲ್ಲ ಎದ್ದು ಬರುತ್ತವೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೂ ತಮ್ಮನಿಗೂ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಮನೆಯಲ್ಲಿ ದೊಡ್ಡಮ್ಮ ಕುಂದಾಪುರದ ಕನ್ನಡದಲ್ಲಿ ಕೇಳಿದರೂ ನಮ್ಮ ಉತ್ತರ ತಮಿಳಿನಲ್ಲೇ. "ಊರಿಗ್ ಹೋದ್ರೆ ನಂಗೆ ಮರ್ಯಾದಿ ಉಂಟಾ?" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ತಾಯಿಯಿಲ್ಲದ ನಮ್ಮನ್ನು ಸಾಕಿದವರು ಅವರು. ನಮ್ಮ ನಾಲಿಗೆಯ ಜವಾಬ್ದಾರಿಯೂ ಅವರದ್ದೇ ಆಗಿತ್ತು.

ಹೋಟೆಲಿನ ಸಿಹಿತಿಂಡಿಯ ಡಬ್ಬಿಗಳನ್ನು ಕತ್ತರಿಸಿ ಅವರು ಕಾರ್ಡು ಮಾಡಿದರು. ಒಂದೊಂದರ ಮೇಲೂ ನೀಲಿ ಪೆನ್ನಿನ ಚಿತ್ರ: ಮೊರ, ಒನಕೆ, ಕೊಡಪಾನ, ಬಸಳೆ. ದನ ಮಾತ್ರ ಥೇಟ್ ನಾಯಿಯಂತಿತ್ತು. ಹಾಗೆಂದು ಹೇಳುವ ಧೈರ್ಯ ಯಾರಿಗಿತ್ತು! ಮಧ್ಯಾಹ್ನದ ಊಟ ಮುಗಿದು ಹೋಟೆಲಿನ ಬಾಗಿಲು ಅರ್ಧ ಇಳಿದ ಹೊತ್ತಿಗೆ ಆಟ ಶುರು. ಕಾರ್ಡು ಎತ್ತಿ ಕನ್ನಡದ ಹೆಸರು ಹೇಳಿದರೆ ಅದು ನಮ್ಮದು, ತಮಿಳು ಬಂದರೆ ಎದುರಿನವರದ್ದು. ಪೊರಕೆಯ ಚಿತ್ರ ಬಂದಾಗಲೆಲ್ಲ ನನ್ನ ಬಾಯಿಂದ ತಮಿಳಿನ "ತೊಡಪ್ಪಂ" ಎಂದೇ ಬರುತ್ತಿತ್ತು. "ಹಿಡಿಸೂಡಿ ಅನ್ನು ಮಗಾ, ನಾಲ್ಗಿ ಸವೂದಿಲ್ಲ" ಎನ್ನುತ್ತಾ ಕಾರ್ಡು ಕಿತ್ತುಕೊಳ್ಳುತ್ತಿದ್ದರು. ಅಂತೂ ಎಲ್ಲ ಹೆಸರೂ ಬಾಯಿಪಾಠವಾದವು. ಬೆನ್ನಿನ ತುಪ್ಪದ ಕಲೆ ನೋಡಿಯೇ ಯಾವ ಕಾರ್ಡೆಂದು ಹೇಳುವಷ್ಟು ಜೋರಾದೆವು.

ಆ ಬೇಸಿಗೆಯಲ್ಲಿ ಊರಿನ ಮದುವೆಗೆ ದೊಡ್ಡಮ್ಮ ಬೀಗುತ್ತಲೇ ನಮ್ಮನ್ನು ಕರೆದೊಯ್ದರು. ಅವರ ಅಣ್ಣ "ಉಂಡ್ಯಾ ಮಗಾ?" ಎಂದು ಕೇಳಿದ್ದೇ, ನಾನು ಎದ್ದು ನಿಂತು "ಅನ್ನ, ಸಾರು, ಪಲ್ಯ, ಹಪ್ಪಳ, ಪಾಯಸ" ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಕಾರ್ಡುಗಳಲ್ಲಿ ಇದ್ದದ್ದು ಬರೀ ವಸ್ತುಗಳ ಹೆಸರು. ಉಂಡೆ, ಬಂದೆ, ಸಾಕು ಎಂಬುದಕ್ಕೆಲ್ಲ ಚಿತ್ರ ಬರೆಯುವುದು ಹೇಗೆ? "ಹೋಟ್ಲ್ ಸಪ್ಲಾಯರ್ ತಿಂಡಿ ಹೆಸ್ರ್ ಹೇಳ್ದಂಗಾಯ್ತಲೆ!" ಎಂದರು ಆ ಮಾವ. ಇಡೀ ಚಪ್ಪರ ನಕ್ಕಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಪಂಕ್ತಿಯಲ್ಲಿ ಕೂತಿದ್ದ ದೊಡ್ಡಮ್ಮ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು, ಉಣ್ಣಲಿಲ್ಲ. ಮದ್ರಾಸಿಗೆ ಮರಳಿದ ಮೇಲೆ ಕಾರ್ಡುಗಳು ಅಟ್ಟ ಸೇರಿದವು. ನಾವೂ ಕೇಳಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ದೊಡ್ಡಮ್ಮನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಗುರುತಿನ ವಸ್ತುಗಳನ್ನು ತೋರಿಸಿ ಮಾತಾಡಿಸಿ ಎಂದರು ಡಾಕ್ಟರು. ಅಟ್ಟದಿಂದ ಕಾರ್ಡುಗಳನ್ನು ಇಳಿಸಿದೆ. ಮೊದಲು ಕೈಗೆ ಬಂದದ್ದೇ ಪೊರಕೆ. ಅವರು ಬಹಳ ಹೊತ್ತು ನೋಡಿದರು. ಸೊಟ್ಟಗಾದ ತುಟಿ ತಡಕಾಡಿ ತಡಕಾಡಿ ಕೊನೆಗೆ "ತೊಡಪ್ಪಂ" ಅಂದಿತು. ಅಂದ ಕೂಡಲೇ ಅವರಿಗೇ ಗೊತ್ತಾಯಿತು. ಆಡುತ್ತಿದ್ದ ಒಂದು ಕೈಯಿಂದ ಕಾರ್ಡನ್ನು ನನ್ನ ಕಡೆ ತಳ್ಳಿ, ಅಂದು ಪಂಕ್ತಿಯಲ್ಲಿ ತಗ್ಗಿಸಿದಂತೆಯೇ ತಲೆ ತಗ್ಗಿಸಿದರು. ಪರವಾಗಿಲ್ಲ ಬಿಡಿ ಎಂದು ಸಮಾಧಾನ ಹೇಳಲು ಬಾಯಿ ತೆರೆದೆ. "ಪರವಾಯಿಲ್ಲೆ ದೊಡ್ಡಮ್ಮಾ, ವಿಡುಂಗೊ" ಎಂದೆ. ಅದೂ ತಮಿಳೇ.

ಈಗ ದೊಡ್ಡಮ್ಮನಿಲ್ಲ, ಆ ಹೋಟೆಲೂ ಇಲ್ಲ. ಕಾರ್ಡುಗಳ ಇಡೀ ಕಟ್ಟು ನನ್ನ ಕಪಾಟಿನಲ್ಲಿದೆ. ಎಲ್ಲ ಕಾರ್ಡು ಯಾರ ಕೈ ಸೇರುತ್ತವೋ ಅವರು ಗೆದ್ದಂತೆ, ಆಟದ ನಿಯಮವೇ ಹಾಗೆ. ಈ ಗೆಲುವನ್ನು ಯಾವ ಮುಖ ಹೊತ್ತು ಹೇಳಿಕೊಳ್ಳಲಿ, ನೀವೇ ಹೇಳಿ.