ಎರಡು ಪಾಲು

ಕೊರಿಯಾದ ಬುಸಾನ್‌ನ ನಮ್ಮ ಬೀದಿಯಲ್ಲಿ ಹಂದಿಮಾಂಸ ಸುಡುವ ಯಾವ ಅಂಗಡಿಯಲ್ಲೂ ಒಬ್ಬರಿಗೆ ಬಡಿಸುವುದಿಲ್ಲ. ಕಡಿಮೆಯೆಂದರೆ ಎರಡು ಪಾಲು ಹೇಳಬೇಕು. ಊರು ನೋಡಲು ಮೊದಲ ಸಲ ಬಂದ ಒಂಟಿ ಪ್ರವಾಸಿಗಳು ಇದನ್ನರಿಯದೆ ನುಗ್ಗಿದರೆ, ನನ್ನ ಅಂಗಡಿಗೆ ಎದುರಂಗಡಿಯ ಮಲ್ಸೂನಕ್ಕ ಎರಡು ಬೆರಳೆತ್ತಿ, "ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬಾ, ಇಲ್ಲಾಂದ್ರೆ ಸಮುದ್ರ ನೋಡ್ಕೊಂಡು ಹೋಗು" ಎಂದು ಅಟ್ಟುತ್ತಿದ್ದಳು.

ಗಂಡ ಸತ್ತಾಗಲೂ ಅವಳು ಅಳಲಿಲ್ಲ. ದಹನ ಮುಗಿಸಿ ಬಂದವಳೇ ಅಂಗಡಿ ತೆರೆದಳು. ತನ್ನ ಅಂಗಡಿಯ ವಾರದ ರಜೆಯ ದಿನ ಮಾತ್ರ ನನ್ನ ಅಂಗಡಿಗೆ ಬಂದು ಕೂತಳು. ನಾನು ಒಂದು ಪಾಲು ತಂದಿಟ್ಟೆ.

"ಏನೋ ಇದು, ಭಿಕ್ಷೆನಾ? ಎರಡು ತಾ."

"ಅಕ್ಕಾ, ನೀನೊಬ್ಳೇ ಅಲ್ವಾ..."

"ನಿಯಮ ನಂಗೇ ಹೇಳ್ಕೊಡ್ತೀಯಾ?"

ಇನ್ನೊಂದು ಪಾಲು ತಂದಿಡುವಷ್ಟರಲ್ಲಿ ವಿದೇಶಿ ಪ್ರವಾಸಿಯೊಬ್ಬ ಬಾಗಿಲಲ್ಲಿ ನಿಂತು ಒಂದು ಬೆರಳೆತ್ತಿದ. ಆಗುವುದಿಲ್ಲವೆಂದು ಕೈಯಾಡಿಸಿದೆ. ಮಲ್ಸೂನಕ್ಕ ತಲೆಯೆತ್ತದೆ, ಎದುರಿನ ಕುರ್ಚಿಯನ್ನು ಕಾಲಿನಿಂದ ಅವನತ್ತ ತಳ್ಳಿ, "ಕೂರು" ಎಂದಳು.

ಅವನು ಫೋಟೊ ತೆಗೆದ, ನಕ್ಕ, ಏನೇನೋ ಕೇಳಿದ. ಅವಳು ಅವನ ಮುಖವನ್ನೂ ನೋಡಲಿಲ್ಲ. ಮಾಂಸ ಮಗುಚಿ, ಕತ್ತರಿಯಿಂದ ತುಂಡು ಮಾಡಿ ಅವನ ತಟ್ಟೆಗೆ ಹಾಕುತ್ತಲೇ ಇದ್ದಳು.

ತುಂಡುಗಳು ಉಗುರಿನಷ್ಟು ಸಣ್ಣವು. ಅವಳ ಗಂಡನಿಗೆ ಹಲ್ಲಿರಲಿಲ್ಲ.