ಕೊನೆಯ ಪಂಕ್ತಿಯ ಬಸುರಿ

ನನ್ನ ಸೊಸೆ ಬಸುರಿಯಾಗಿದ್ದಾಗ ಅವಳ ರಕ್ತ ಕಡಿಮೆಯಾದದ್ದು ನಾವು ಮೀನು ಮೊಟ್ಟೆ ತಿನ್ನದವರು ಎಂಬ ಕಾರಣಕ್ಕಲ್ಲ. ಅವಳನ್ನು ಎಲ್ಲರಿಗಿಂತ ಕೊನೆಗೆ ಉಣ್ಣಲು ಕೂರಿಸುತ್ತಿದ್ದೆವು, ಅದಕ್ಕೆ. ಬೇರೆ ಯಾರು ಏನು ಹೇಳಿದರೂ ನೀವು ನಂಬಬೇಡಿ.

ಇವತ್ತು ಮೊಮ್ಮಗಳು ಬಟ್ಟಲಿನಿಂದ ಹೆಸರುಕಾಳನ್ನೆಲ್ಲ ಹೆಕ್ಕಿ ತಿಂದು, ಅನ್ನವನ್ನು ಹಾಗೇ ಬಿಟ್ಟು ಓಡಿದಳು. ಆಗ ಇದು ನೆನಪಾಯಿತು. ಅವಳಿಗೆ ಈಗ ಮೂರು ವರ್ಷ. ನಾನು ಹೇಳುತ್ತಿರುವುದು ಅವಳು ಹೊಟ್ಟೆಯಲ್ಲಿದ್ದಾಗಿನ ಮಾತು.

ಸೊಸೆಯ ಹೆಸರು ಸ್ವಾತಿ. ಆರು ತಿಂಗಳಾಗುವಾಗ ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ ಮುಖ ಸಣ್ಣ ಮಾಡಿದರು. ಕಬ್ಬಿಣದ ಮಾತ್ರೆ ಕೊಟ್ಟು, ಮುಂದಿನ ತಿಂಗಳೂ ಹೀಗೇ ಇದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಬೇಕಾದೀತು, ಇಷ್ಟು ರಕ್ತದಲ್ಲಿ ಹೆರಿಗೆಗೆ ಹೋದರೆ ತಾಯಿಗೂ ಮಗುವಿಗೂ ಕಷ್ಟ ಎಂದರು. ಸುದ್ದಿ ಮೀಂಜದಲ್ಲಿರುವ ನನ್ನ ನಾದಿನಿಗೆ ಮುಟ್ಟಿತು. ಕೂಡಲೇ ಫೋನು.

"ಎಂತ ಅತ್ತಿಗೆ, ಸೊಪ್ಪುಸದೆ ತಿಂದು ಮಗು ಬೆಳೀತದಾ? ಕದ್ದಾದ್ರೂ ಒಂದು ಮೊಟ್ಟೆ ಕೊಡಿ. ಅಣ್ಣನಿಗೆ ಹೇಳ್ಬೇಡಿ."

ನನಗೆ ಮೈ ಉರಿಯಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಅಡುಗೆಯಲ್ಲಿ ನನಗೆ ಪಾಠ ಹೇಳುವವರು ಹುಟ್ಟಿಲ್ಲ ಎಂಬ ಜಂಬ ಮಾತ್ರ ಧಾರಾಳ ಇತ್ತು. ಅಂದಿನಿಂದ ಸೊಸೆಗೆಂದೇ ಅಡುಗೆ. ಒಂದು ದಿನ ಹರಿವೆ ಸೊಪ್ಪು, ಒಂದು ದಿನ ಮೊಳಕೆ ಬಂದ ಹೆಸರುಕಾಳು, ಮತ್ತೊಂದು ದಿನ ಕಡಲೆ ಗಸಿ, ನಡುವೆ ಎಳ್ಳುಂಡೆ. ನಮ್ಮ ಮನೆಯವರು ಕೈ ತೊಳೆಯುತ್ತಾ, "ಈಗೀಗ ನಿನ್ನ ಅಡಿಗೆ ಭಾರೀ ಲಾಯ್ಕಾಗ್ತದೆ ಮಾರಾಯ್ತಿ" ಎನ್ನುವರು. ಮಗನ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಯಿತು. ಸೊಸೆಯ ಮುಖ ಮಾತ್ರ ಬಿಳುಚಿಯೇ ಇತ್ತು. "ನೀನು ಮಾತ್ರೆ ಬಿಸಾಡ್ತೀಯಾ ಎಂತ?" ಎಂದು ಕೇಳಿಯೂ ಬಿಟ್ಟೆ. ಅವಳು ಮಾತ್ರೆಯ ಖಾಲಿ ಪಟ್ಟಿಗಳನ್ನು ತಂದು ತೋರಿಸಿದಳು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಎರಡು ಗಂಟೆಗೆ ಆಶಾ ವರ್ಕರ್ ಪುಷ್ಪ ಬಂದಳು. ನಮ್ಮ ಅಗಲ್ಪಾಡಿಯ ಬಸುರಿಯರನ್ನು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. ಗಂಡಸರ ಊಟ ಮುಗಿದು ನಾನೂ ಸೊಸೆಯೂ ಆಗಷ್ಟೇ ಎಲೆ ಹಾಕಿದ್ದೆವು. ಅಂದಿನ ಅಡುಗೆಯ ಪಟ್ಟಿಯನ್ನು ನಾನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಪುಷ್ಪ ಸೊಸೆಯ ಎಲೆ ನೋಡಿದಳು. ಅನ್ನ, ತಿಳಿಸಾರು, ಉಪ್ಪಿನಕಾಯಿ.

"ಅಮ್ಮಾ, ಆ ಹೆಸರುಕಾಳು ಎಲ್ಲಿ ಉಂಟು?"

"ಇತ್ತು."

"ಇತ್ತಾ? ಈಗ ಯಾರ ಹೊಟ್ಟೆಯಲ್ಲಿ? ಬಸುರಿ ಯಾರು ಮಾರಾಯ್ರೆ, ಇವಳಾ, ಇವಳ ಮಾವನಾ?"

ಸ್ವಾತಿ ನಗು ತಡೆಯಲು ಹೋಗಿ ನೆತ್ತಿಗೇರಿಸಿಕೊಂಡು ಕೆಮ್ಮಿದಳು. ನಾನು ಪಾತ್ರೆಯಲ್ಲಿ ಸೌಟು ಆಡಿಸಿದೆ. ನಾಲ್ಕು ಕಾಳು ಸಿಕ್ಕಿತು.

ಪೂಜೆಯಾಗಿ, ಗಂಡಸರು ಉಂಡು, ನೆಂಟರಿದ್ದರೆ ಅವರೂ ಉಂಡು ಎದ್ದ ಮೇಲೆ ಹೆಂಗಸರು ಕೂರುವುದು ನಮ್ಮ ಮನೆಯ ಕ್ರಮ. ಬಡಿಸುವವಳು ನಾನು. ಸೌಟನ್ನು ತಳಕ್ಕೆ ಮುಟ್ಟಿಸಿ ಕಾಳನ್ನೇ ಎತ್ತಿ, "ಇನ್ನು ಸ್ವಲ್ಪ" ಎಂದು ಒತ್ತಾಯ ಮಾಡುವವಳೂ ನಾನೇ. ಉಳಿಯುವುದು ನೀರು. ಇಷ್ಟು ತಿಳಿಯಲು ನನಗೆ ನಲವತ್ತು ವರ್ಷ ಹಿಡಿಯಿತು. ನಾಲ್ಕು ಹೆತ್ತವಳು ನಾನು. ಬಾವಿಕಟ್ಟೆಯ ಬಳಿ ತಲೆ ತಿರುಗಿ ಕೂತಾಗ ಅತ್ತೆ ದೃಷ್ಟಿ ತೆಗೆದಿದ್ದರು. ಪಾಪ, ಅವರೂ ಸಾರು ಕುಡಿದೇ ಹೆತ್ತವರು. ಅದಕ್ಕೆ ಈಗ ಅತ್ತು ಆಗಬೇಕಾದ್ದು ಏನೂ ಇಲ್ಲ.

"ಹಾಗಾದರೆ ಮೊಟ್ಟೆ ಬೇಡವಾ?" ಎಂದೆ.

"ತಿನ್ನದವರಿಗೆ ಯಾಕೆ ಒತ್ತಾಯ? ಹಾಲು ಮೊಸರು ಕೊಡಿ, ಸೊಪ್ಪಿಗೆ ಲಿಂಬೆ ಹಿಂಡಿ. ಊಟದೊಟ್ಟಿಗೆ ಚಾ ಬೇಡ. ಡಾಕ್ಟರು ಬರೆದ ಮಾತ್ರೆ ಒಂದೂ ಬಿಡ್ಬೇಡಿ. ಆದ್ರೆ ಮೊದಲು, ಮಾಡಿದ್ದನ್ನು ಅವಳಿಗೆ ಹಾಕಿ!"

ಮುಂದೆ ಡ್ರಿಪ್ಪು ತಪ್ಪಿತು, ಹೆರಿಗೆಯೂ ಸಲೀಸಾಯಿತು. ಅದೆಲ್ಲ ಆಮೇಲಿನದ್ದು. ಮರುದಿನ ಬೆಳಿಗ್ಗೆ ಮನೆಯವರು ಪೂಜೆ ಮುಗಿಸಿ ತಿಂಡಿಗೆ ಬಂದಾಗ ಅವರ ಮಣೆಯ ಮೇಲೆ ಸೊಸೆ ಕೂತಿದ್ದಳು, ಎದುರಿಗೆ ಎರಡು ದೋಸೆ.

"ಇದೆಂತ ಹೊಸ ಕ್ರಮ?" ಎಂದರು.

ಸ್ವಾತಿ ಏಳಲು ಹೊರಟಳು. ಹೆಗಲು ಒತ್ತಿ ಕೂರಿಸಿದೆ. ಗಸಿಯ ಪಾತ್ರೆಯನ್ನೂ ಸೌಟನ್ನೂ ಅವರ ಕೈಗೆ ಕೊಟ್ಟು, "ಹೊಸತೇ. ಬಡಿಸಿ" ಎಂದು, ಇನ್ನೊಂದು ಮಣೆ ಎಳೆದು ಸೊಸೆಯ ಬದಿಯಲ್ಲಿ ನಾನೂ ಕೂತೆ.